ಕೆಂಪಿ ಮೊಟ್ಟೆ ಇಡುವ ಹೊತ್ತಾಯಿತು, ಡಬ್ಬ ಹೇಗಿರಬೇಕು?

ರಾಗಿಮುದ್ದೆ_ಓಹಾಯೋ | ಏಪ್ರಿಲ್ 24

ಎಲ್ಲರಿಗೂ ನಮಸ್ಕಾರ. ಇಲ್ಲಿ ಹಾವು ಸಾಕಿ ಪಳಗಿದವರು ಇದ್ದೀರಿ. ನನಗೆ ಸ್ವಲ್ಪ ಬೇಗ ಸಹಾಯ ಬೇಕಾಗಿದೆ.

ನಮ್ಮ ಮನೆಯಲ್ಲಿ ಐದು ವರ್ಷದ ಒಂದು ಕಾರ್ನ್ ಸ್ನೇಕ್ ಇದೆ. ಹೆಸರು ಕೆಂಪಿ. ನಾಲ್ಕಡಿ ಉದ್ದ, ವಿಷ ಇಲ್ಲ. ಅಮೆರಿಕದ ಆಗ್ನೇಯ ಭಾಗದ ಹಾವು ಇದು, ಇಲ್ಲಿ ಸಾಕುವವರು ಬಹಳ ಜನ. ಮಾರ್ಚ್ 22ಕ್ಕೆ ಗೆಳೆಯರ ಮನೆಯ ಗಂಡಿನ ಜತೆ ಬಿಟ್ಟಿದ್ದೆವು. ಈಗ ಹೊಟ್ಟೆಯ ಹಿಂಭಾಗ ತುಂಬಿಕೊಂಡಿದೆ. ಏಪ್ರಿಲ್ 21ಕ್ಕೆ ಪೊರೆ ಬಿಟ್ಟಳು. ಅವತ್ತಿನಿಂದ ಊಟ ಮುಟ್ಟಿಲ್ಲ. ರಾತ್ರಿಯೆಲ್ಲ ಗಾಜಿನ ತೊಟ್ಟಿಯ ಮೂಲೆ ಮೂಲೆಗೆ ಮೂತಿ ಒತ್ತುತ್ತಾ ಓಡಾಡುತ್ತಾಳೆ. ಮೂತಿಯ ಮುಂದಿನ ಹುರುಪೆ ಉಜ್ಜಿ ಉಜ್ಜಿ ಬೆಳ್ಳಗಾಗಿದೆ. ನೋಡಲು ಆಗುತ್ತಿಲ್ಲ.

ಹೋದ ವರ್ಷವೂ ಮೊಟ್ಟೆ ಇಟ್ಟಿದ್ದಳು. ಆಗ ನಾನು ಯಾವ ಸಿದ್ಧತೆಯನ್ನೂ ಮಾಡಿರಲಿಲ್ಲ. ತೊಟ್ಟಿಯಲ್ಲಿ ಇದ್ದದ್ದು ಒಣ ಮರದ ಹೊಟ್ಟು, ಅಡಗಿಕೊಳ್ಳಲು ಒಂದು ತೊಗಟೆ, ನೀರಿನ ಬಟ್ಟಲು, ಅಷ್ಟೇ. ಬೆಳಗ್ಗೆ ಎದ್ದು ನೋಡಿದರೆ ನೀರಿನ ಬಟ್ಟಲೊಳಗೆ ಸುತ್ತಿಕೊಂಡು ಮಲಗಿದ್ದಾಳೆ. ಅವಳ ಕೆಳಗೆ 14 ಮೊಟ್ಟೆ, ಎಲ್ಲವೂ ನೀರಲ್ಲಿ ಮುಳುಗಿವೆ. ಒಂದೂ ಉಳಿಯಲಿಲ್ಲ. ಆ ಹದಿನಾಲ್ಕನ್ನು ಹಿತ್ತಲಲ್ಲಿ ಹೂಳಿದ್ದು ಇನ್ನೂ ಮನಸ್ಸಲ್ಲಿದೆ. ಈ ಸಲ ಹಾಗಾಗಬಾರದು. ಏನೇನು ಮಾಡಬೇಕು, ಹೇಳಿ.

ಕಾಡುಹಾದಿ | ಏಪ್ರಿಲ್ 24

ಅಕ್ಕ, ಮೊದಲು ಸಮಾಧಾನ ಮಾಡಿಕೊಳ್ಳಿ. ಇನ್ನೂ ಸಮಯ ಇದೆ. ಕಾರ್ನ್ ಸ್ನೇಕ್ ಮೊಟ್ಟೆ ಇಡುವ ಮುಂಚೆ ಒಂದು ಪೊರೆ ಬಿಡುತ್ತದೆ. ಅದಾಗಿ ಒಂದರಿಂದ ಎರಡು ವಾರದೊಳಗೆ ಮೊಟ್ಟೆ ಬರುತ್ತದೆ. ನಿಮ್ಮ ಲೆಕ್ಕದಲ್ಲಿ ಮೇ ಮೊದಲ ವಾರ. ಆದರೆ ಡಬ್ಬ ಮಾತ್ರ ಇವತ್ತೇ ಇಡಿ.

ನಾನು ಬರ್ಮಿಂಗ್‌ಹ್ಯಾಮಿನಲ್ಲಿದ್ದೇನೆ, ಹನ್ನೆರಡು ವರ್ಷದಿಂದ ಸಾಕುತ್ತಿದ್ದೇನೆ. ಒಂದು ಮಾತು ಹೇಳುತ್ತೇನೆ. ಅವಳು ನೀರಿನ ಬಟ್ಟಲಲ್ಲಿ ಮೊಟ್ಟೆ ಇಟ್ಟಿದ್ದು ತಿಳಿಯದೆ ಅಲ್ಲ. ಇಡೀ ತೊಟ್ಟಿಯಲ್ಲಿ ತೇವ ಇದ್ದದ್ದು ಅದೊಂದೇ ಜಾಗ. ಕಾಡಲ್ಲಾದರೆ ಕೊಳೆತ ಮರದ ದಿಮ್ಮಿ, ಎಲೆ ರಾಶಿ, ಇಲಿ ಬಿಲ ಹುಡುಕಿಕೊಂಡು ಹೋಗುತ್ತಿದ್ದಳು. ಈಗ ಮೂಲೆ ಮೂಲೆ ತಡಕುತ್ತಿರುವುದೂ ಅದಕ್ಕೇ.

ಒಂದು ಪ್ಲಾಸ್ಟಿಕ್ ಡಬ್ಬ ತಗೊಳ್ಳಿ. ಶೂ ಬರುವ ಡಬ್ಬದಷ್ಟು ಇದ್ದರೆ ಸಾಕು. ಪಾರದರ್ಶಕ ಬೇಡ. ಅದೇ ಇದ್ದರೆ ಹೊರಗಿನಿಂದ ಕಪ್ಪು ಟೇಪ್ ಸುತ್ತಿ. ದೊಡ್ಡ ಡಬ್ಬ ಕೊಟ್ಟರೆ ಒಳ್ಳೆಯದು ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಸುತ್ತಿಕೊಂಡಾಗ ಮೈಯ ಎರಡು ಕಡೆಯೂ ಗೋಡೆ ತಾಗಬೇಕು. ಆಗಲೇ ಅವಳಿಗೆ ಇದು ಬಿಲ ಅನ್ನಿಸುವುದು.

ಮುಚ್ಚಳದಲ್ಲಿ ಒಂದು ತೂತು ಮಾಡಿ. ಈಗ ಅವಳ ಹೊಟ್ಟೆ ದಪ್ಪ ಇದೆ, ಹಾಗಾಗಿ ಐದು ಸೆಂಟಿಮೀಟರ್ ಅಗಲ ಇರಲಿ. ಅಂಚನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ, ಬೆರಳು ಆಡಿಸಿ ನೋಡಿ. ನಿಮ್ಮ ಬೆರಳಿಗೆ ಚುಚ್ಚಿದರೆ ಅವಳ ಹೊಟ್ಟೆಗೂ ಚುಚ್ಚುತ್ತದೆ.

ಒಳಗೆ ಸ್ಫ್ಯಾಗ್ನಂ ಪಾಚಿ. ಆರ್ಕಿಡ್ ಬೆಳೆಸುವವರು ಬಳಸುವ ಉದ್ದ ಎಳೆಯ ಪಾಚಿ, ಗೊಬ್ಬರ ಸೇರಿಸದ್ದು. ನೀರಲ್ಲಿ ನೆನೆಸಿ, ಎರಡೂ ಕೈಯಲ್ಲಿ ಹಿಡಿದು ಬಟ್ಟೆ ಹಿಂಡಿದ ಹಾಗೆ ಹಿಂಡಿ. ಆಮೇಲೆ ಒಂದು ಹಿಡಿ ತಗೊಂಡು ಮುಷ್ಟಿ ಬಿಗಿ ಮಾಡಿ. ಬೆರಳ ಸಂದಿಯಲ್ಲಿ ನೀರು ಹೊಳೆಯಬೇಕು, ತೊಟ್ಟಿಕ್ಕಬಾರದು. ತೊಟ್ಟಿಕ್ಕಿದರೆ ಇನ್ನೊಮ್ಮೆ ಹಿಂಡಿ. ಡಬ್ಬದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ತುಂಬಿಸಿ, ಉದುರು ಉದುರಾಗಿ. ಅಮುಕಬೇಡಿ, ಅವಳೇ ಮೈಯಿಂದ ತಳ್ಳಿ ಗುಳಿ ಮಾಡಿಕೊಳ್ಳುತ್ತಾಳೆ.

ಹೇಳಿ ಮುಗಿಯಲಿಲ್ಲ, ಆ ನೀರಿನ ಬಟ್ಟಲು ತೆಗೆದುಬಿಡಿ. ಅದರ ಬದಲು ಅವಳು ಸುತ್ತಿಕೊಳ್ಳಲು ಆಗದಷ್ಟು ಚಿಕ್ಕ ಬಟ್ಟಲು ಇಡಿ. ಕುಡಿಯಲು ನೀರಂತೂ ಬೇಕೇ ಬೇಕು.

ರಾಗಿಮುದ್ದೆ_ಓಹಾಯೋ | ಏಪ್ರಿಲ್ 24

ತುಂಬಾ ಧನ್ಯವಾದ ಅಣ್ಣ. ಡಬ್ಬ ಮನೆಯಲ್ಲೇ ಇದೆ, ಸಂಜೆ ಹೋಗಿ ಪಾಚಿ ತರುತ್ತೇನೆ. ಡಬ್ಬವನ್ನು ತೊಟ್ಟಿಗೆ ಕಾವು ಕೊಡುವ ಹೀಟ್ ಮ್ಯಾಟಿನ ಮೇಲೆ ಇಡಬೇಕಾ, ತಂಪು ಕಡೆಗೆ ಇಡಬೇಕಾ?

ಕಾಡುಹಾದಿ | ಏಪ್ರಿಲ್ 24

ಎರಡರ ಮಧ್ಯೆ, ಬಿಸಿ ಕಡೆಗೆ ಸ್ವಲ್ಪ ವಾಲಿದ ಹಾಗೆ. ಒಳಗೆ 26ರಿಂದ 28 ಡಿಗ್ರಿ ಇರಲಿ. ನೇರ ಮ್ಯಾಟಿನ ಮೇಲೆ ಬೇಡ. ತಳದ ಪಾಚಿ ಒಂದೇ ರಾತ್ರಿಗೆ ಒಣಗುತ್ತದೆ. ಮೇಲೆ ಮುಟ್ಟಿದರೆ ಹಸಿ ಅನ್ನಿಸುತ್ತದೆ, ಮೊಟ್ಟೆ ಬೀಳುವ ತಳದಲ್ಲಿ ಮಾತ್ರ ಕಾವು. ಮೊಟ್ಟೆ ಹಾಳಾಗುವುದು ಹಾಗೇ.

ತೆಂಗಿನನಾರು | ಏಪ್ರಿಲ್ 25

ಪಾಚಿ ಸಿಗದಿದ್ದರೆ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಸಾಕು ಅಲ್ವಾ? ನಾನು ದುಬೈಯಲ್ಲಿದ್ದಾಗ ಗೆಳೆಯರೊಬ್ಬರು ಅದನ್ನೇ ಬಳಸುತ್ತಿದ್ದರು. ಅಗ್ಗ, ತೇವವೂ ಚೆನ್ನಾಗಿ ನಿಲ್ಲುತ್ತದೆ.

ಕಾಡುಹಾದಿ | ಏಪ್ರಿಲ್ 25

ಆಗುತ್ತದೆ, ಆದರೆ ನನಗೆ ಪಾಚಿಯೇ ಇಷ್ಟ. ಆಗ ತಾನೇ ಬಿದ್ದ ಮೊಟ್ಟೆಯ ಮೈ ಅಂಟು ಅಂಟು. ಕೊಕೊಪೀಟಿನ ಪುಡಿ ಪೂರ್ತಿ ಮೆತ್ತಿಕೊಳ್ಳುತ್ತದೆ. ಆಮೇಲೆ ಯಾವುದು ಪುಡಿಯ ಕಲೆ, ಯಾವುದು ಬೂಸ್ಟು ಅಂತ ಗೊತ್ತಾಗುವುದಿಲ್ಲ. ಪಾಚಿಯಾದರೆ ಎಳೆ ಬಿಡಿಸಿ ಎತ್ತಬಹುದು.

ತೀರ್ಥಹಳ್ಳಿ_ತೋಟ | ಏಪ್ರಿಲ್ 25

ನಾನು ಹಾವು ಸಾಕುವವನಲ್ಲ. ನಮ್ಮ ಕಡೆ ಸಾಕುವ ಮಾತೇ ಇಲ್ಲ, ಹಾವು ತಾನಾಗಿ ತೋಟಕ್ಕೆ ಬರುತ್ತದೆ. ಆದರೂ ಈ ತೇವದ ವಿಷಯ ಓದಿ ಬರೆಯಬೇಕು ಅನ್ನಿಸಿತು.

ಕಾಳಿಂಗ ಸರ್ಪ ಗೂಡು ಕಟ್ಟುವುದು ಎಲ್ಲರಿಗೂ ಗೊತ್ತಿರಬಹುದು. ಬೇರೆ ಹಾವುಗಳು ಸಿಕ್ಕ ಜಾಗದಲ್ಲಿ ಮೊಟ್ಟೆ ಇಡುತ್ತವೆ. ನಾಗರಹಾವು ಗೆದ್ದಲು ಕಟ್ಟಿದ ಹುತ್ತವನ್ನೋ ಇಲಿ ಬಿಲವನ್ನೋ ಸೇರುತ್ತದೆ. ಎಲೆ ಗುಡ್ಡೆ ಹಾಕಿ ಗೂಡು ಕಟ್ಟುವುದು ಕಾಳಿಂಗ ಒಂದೇ. ಕೈಯಿಲ್ಲ ಕಾಲಿಲ್ಲ, ಮೈಯನ್ನೇ ಕುಣಿಕೆ ಮಾಡಿ ಒಣಗಿದ ಎಲೆಗಳನ್ನು ಎಳೆದು ಎಳೆದು ರಾಶಿ ಮಾಡುತ್ತದೆ. ನಮ್ಮ ಪಕ್ಕದ ತೋಟದ ಬಿದಿರು ಮೆಳೆ ಹತ್ತಿರ ಒಂದು ಗೂಡಾಗಿತ್ತು. ಮೊಣಕಾಲೆತ್ತರ ಇತ್ತು. ಅರಣ್ಯ ಇಲಾಖೆಯವರಿಗೆ ತಿಳಿಸಿದೆವು. ಅವರು ಬಂದು ಸುತ್ತ ಬಲೆ ಕಟ್ಟಿ, ಯಾರೂ ಹತ್ತಿರ ಹೋಗಬೇಡಿ ಅಂದರು. ತಾಯಿ ಮೇಲೆ ಸುತ್ತಿಕೊಂಡು ಕಾಯುತ್ತಿತ್ತು. ಮರಿ ಬರುವ ಮುಂಚೆಯೇ ಅದು ಗೂಡು ಬಿಟ್ಟು ಹೋಯಿತು.

ಆಗುಂಬೆ ಸೀಮೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಇಟ್ಟ ಮೊಟ್ಟೆ ಆ ಜಡಿಮಳೆ ಕಳೆದು ಮರಿಯಾಗಬೇಕು. ಮರಿಗಳೆಲ್ಲ ಹೋದ ಮೇಲೆ ಆ ಗೂಡನ್ನು ಬಿಡಿಸಿದಾಗ ನಾನೂ ನಿಂತು ನೋಡಿದೆ. ಮೇಲಿನ ಎಲೆಗಳು ಒಂದರ ಮೇಲೊಂದು ಅಂಟಿ, ಸೋಗೆ ಹೊದಿಸಿದ ಹಾಗೆ ಬಿಗಿಯಾಗಿದ್ದವು. ನೀರು ಹೊರಗೇ ಜಾರಿ ಹೋಗುತ್ತಿತ್ತು. ಮೊಟ್ಟೆ ಇದ್ದ ಕಡೆ ಕೈ ಇಟ್ಟರೆ ಬೆಚ್ಚಗೆ, ಬರೀ ತೇವ. ಒದ್ದೆ ಅಲ್ಲ. ಹೊರಗೆ ಕಾಲಿಟ್ಟರೆ ಕೆಸರು, ಒಳಗೆ ಒಂದು ತೊಟ್ಟು ನೀರು ನಿಂತಿಲ್ಲ. ನೀವು ಪಾಚಿ ಹಿಂಡುವ ಮಾತು ಬರೆದಿದ್ದೀರಲ್ಲ, ಅದೂ ಇದೇ ಅಲ್ವಾ?

ಮೃಗಾಲಯದ_ಹಳಬ | ಏಪ್ರಿಲ್ 25

ತೋಟದವರು ಬರೆದದ್ದು ನೂರಕ್ಕೆ ನೂರು ಸರಿ. ಇದನ್ನೇ ಮೃಗಾಲಯಗಳೂ ಕಾಳಿಂಗದಿಂದ ಕಲಿತವು. ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ 1950ರ ದಶಕದಲ್ಲೇ ಕಾಳಿಂಗ ಗೂಡು ಕಟ್ಟುವುದನ್ನು ಕೂತು ನೋಡಿ ಬರೆದಿಟ್ಟಿದ್ದಾರೆ. ನಮ್ಮ ಮಂಗಳೂರಿನ ಪಿಲಿಕುಳದಲ್ಲೂ ಕಾಳಿಂಗ ಮರಿಗಳಾಗಿವೆ. ಒಣ ಎಲೆ ರಾಶಿ ಸಿಗದ ಹೆಣ್ಣು ಕಾಳಿಂಗ ಏನು ಮಾಡಬೇಕು ಹೇಳಿ? ಕಟ್ಟಬೇಕು ಅನ್ನುವುದು ಅದರ ಮೈಯಲ್ಲೇ ಇದೆ. ಕಟ್ಟಲು ಏನೂ ಇಲ್ಲದಿದ್ದರೆ ಬರೀ ನೆಲದ ಮೇಲೆ ಸುತ್ತು ಹೊಡೆಯುತ್ತದೆ.

ನನ್ನ ಕೆಲಸದ ದಿನಗಳಲ್ಲಿ ಒಂದು ಕಡೆ ಹೀಗಾದದ್ದನ್ನು ನೋಡಿದ್ದೇನೆ. ಕೋಣೆಯನ್ನು ತೊಳೆದು ಫಳಫಳ ಅನ್ನುವ ಹಾಗೆ ಇಟ್ಟಿದ್ದರು. ಒಂದು ಎಲೆ ಇಲ್ಲ. ಸ್ವಚ್ಛ ಇದ್ದರೆ ಹಾವು ಚೆನ್ನಾಗಿರುತ್ತದೆ ಅನ್ನುವುದು ಅವರ ನಂಬಿಕೆ. ಮೊಟ್ಟೆ ಸಿಮೆಂಟ್ ನೆಲದ ಮೇಲೆ ಚೆಲ್ಲಾಪಿಲ್ಲಿ ಬಿದ್ದವು, ಮಧ್ಯಾಹ್ನದೊಳಗೆ ಸುಕ್ಕಾದವು. ಮರುವರ್ಷ ನಾವು ಎರಡು ಗೋಣಿಚೀಲ ಬಿದಿರೆಲೆ ತಂದು ಸುರಿದೆವು. ಅಷ್ಟೇ ಮಾಡಿದ್ದು. ಹೆಣ್ಣು ಎರಡೇ ದಿನದಲ್ಲಿ ಎಲೆ ಎಳೆಯಲು ಶುರು ಮಾಡಿತು.

ರಾಗಿಮುದ್ದೆ ಅವರೇ, ಡಬ್ಬ ಇಟ್ಟ ಮೇಲೆ ತೊಟ್ಟಿಯ ಮೂರು ಕಡೆ ಪೇಪರ್ ಅಂಟಿಸಿ. ದಿನಕ್ಕೆ ಒಂದು ಸಲ ಮಾತ್ರ ನೋಡಿ. ಪದೇ ಪದೇ ಮುಚ್ಚಳ ತೆಗೆದರೆ ಇದು ಸುರಕ್ಷಿತ ಜಾಗ ಅಲ್ಲ ಅಂತ ಅವಳು ಮತ್ತೆ ಹುಡುಕಲು ಹೊರಡುತ್ತಾಳೆ.

ಡಾರ್ವಿನ್_ಕನ್ನಡಿಗ | ಏಪ್ರಿಲ್ 26

ಜಾಗ ಆರಿಸುವುದರಲ್ಲಿ ಹಾವು ಎಷ್ಟು ಜಾಣ ಅಂತ ನಮ್ಮೂರಿನ ಒಂದು ಸಂಗತಿ ಹೇಳುತ್ತೇನೆ. ಆಸ್ಟ್ರೇಲಿಯಾದ ಡಾರ್ವಿನ್ ಊರಿನ ಹತ್ತಿರ ಫಾಗ್ ಡ್ಯಾಮ್ ಅಂತ ಇದೆ. ಅಲ್ಲಿ ಕೀಲ್‌ಬ್ಯಾಕ್ ಅನ್ನುವ ಹಾವು ಬಹಳ. ನಮ್ಮ ನೀರೊಳ್ಳೆ ಹಾವಿನ ದಾಯಾದಿ ಅಂದುಕೊಳ್ಳಿ. ಗ್ರೆಗ್ ಬ್ರೌನ್ ಮತ್ತು ರಿಕ್ ಶೈನ್ ಅನ್ನುವ ವಿಜ್ಞಾನಿಗಳು ವರ್ಷಗಟ್ಟಲೆ ಇವನ್ನು ನೋಡಿದ್ದಾರೆ. ಹೆಣ್ಣು ಹಾವಿಗೆ ಬೇರೆ ಬೇರೆ ಜಾಗ ಕೊಟ್ಟರೆ ತೇವ ಇರುವುದನ್ನೇ ಆರಿಸುತ್ತದೆ. ತೇವದಲ್ಲಿ ಬೆಳೆದ ಮರಿ ದೊಡ್ಡದಾಗಿ ಹುಟ್ಟುತ್ತದೆ. ಹಾವಿನ ಮೊಟ್ಟೆ ಕೋಳಿ ಮೊಟ್ಟೆಯ ಹಾಗಲ್ಲ, ಸುತ್ತಲಿನ ನೀರನ್ನು ಹೀರಿಕೊಂಡು ಉಬ್ಬುತ್ತದೆ. ಅದಕ್ಕೇ ಈ ವ್ಯತ್ಯಾಸ.

ನನಗೆ ಇನ್ನೂ ಇಷ್ಟ ಆದದ್ದು ಬೇರೆ. ಹಿಂದೆ ಮರಿ ಒಡೆದು ಹೋದ ಖಾಲಿ ಮೊಟ್ಟೆ ಸಿಪ್ಪೆ ಇರುವ ಜಾಗವನ್ನು ಈ ಹೆಣ್ಣುಗಳು ಬೇಕಂತಲೇ ಆರಿಸುತ್ತವೆ. ಇಲ್ಲಿ ಹೋದ ಸಲ ಮರಿಗಳು ಬದುಕಿವೆ, ನನ್ನವೂ ಬದುಕುತ್ತವೆ ಅನ್ನುವ ಲೆಕ್ಕ.

ತೆಂಗಿನನಾರು | ಏಪ್ರಿಲ್ 26

ಅಬ್ಬಾ! ಹಾಗಾದರೆ ಡಬ್ಬದಲ್ಲೂ ಹಳೇ ಸಿಪ್ಪೆ ಹಾಕಿದರೆ ಹೇಗೆ?

ಕಾಡುಹಾದಿ | ಏಪ್ರಿಲ್ 26

ಅದೊಂದು ಬೇಡ. ಮುಚ್ಚಿದ ಡಬ್ಬದ ತೇವದಲ್ಲಿ ಹಳೇ ಸಿಪ್ಪೆಗೆ ಬೂಸ್ಟು ಹಿಡಿಯುತ್ತದೆ, ಹೊಸ ಮೊಟ್ಟೆಗೂ ಹಬ್ಬುತ್ತದೆ. ಬಯಲಲ್ಲಿ ಗಾಳಿ, ಮಣ್ಣು, ಇರುವೆ ಎಲ್ಲ ಸೇರಿ ಸ್ವಚ್ಛ ಮಾಡುತ್ತವೆ. ಪ್ರತಿ ಸಲ ಹೊಸ ಪಾಚಿ ಹಾಕಿ.

ಜಯನಗರ_4ನೇ_ಬ್ಲಾಕ್ | ಏಪ್ರಿಲ್ 27

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಕಾಂಪೌಂಡ್ ಪಕ್ಕದ ಇಟ್ಟಿಗೆ ರಾಶಿಯೊಳಗೆ ಕೇರೆಹಾವು ಒಂಬತ್ತು ಮೊಟ್ಟೆ ಇಟ್ಟಿದೆ. ಇಲ್ಲಿ ಬರೆದ ಹಾಗೆ ಡಬ್ಬ ಮಾಡಿ ಮನೆಯೊಳಗೆ ಇಟ್ಟು ಮರಿ ಮಾಡಿಸಲಾ? ಆಮೇಲೆ ಕೆರೆ ಹತ್ತಿರ ಬಿಡುತ್ತೇನೆ.

ಮೃಗಾಲಯದ_ಹಳಬ | ಏಪ್ರಿಲ್ 27

ಬೇಡಪ್ಪ. ನಿನ್ನ ಮನಸ್ಸು ಒಳ್ಳೆಯದೇ. ಆದರೆ ನಮ್ಮ ದೇಶದ ಹಾವುಗಳನ್ನಾಗಲಿ ಅವುಗಳ ಮೊಟ್ಟೆಯನ್ನಾಗಲಿ ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಕಾನೂನು ಒಂದು ಕಡೆ ಇರಲಿ. ಆ ತಾಯಿ ಇಡೀ ಬಡಾವಣೆ ಸುತ್ತಿ ಆ ಇಟ್ಟಿಗೆ ರಾಶಿಯನ್ನು ಆರಿಸಿದೆ. ಅದಕ್ಕಿಂತ ಒಳ್ಳೆಯ ಡಬ್ಬ ನೀನೂ ಮಾಡಲಾರೆ, ನಾನೂ ಮಾಡಲಾರೆ. ಕೇರೆಗೆ ವಿಷ ಇಲ್ಲ, ಇಲಿ ತಿನ್ನುತ್ತದೆ. ಇಟ್ಟಿಗೆ ತೆಗೆಯುವ ಕೆಲಸವನ್ನು ಮರಿ ಬರುವವರೆಗೆ ಮುಂದೂಡು. ಆಗಲೇಬೇಕು ಅಂತಿದ್ದರೆ ಮೊದಲು ಅರಣ್ಯ ಇಲಾಖೆಗೆ ಫೋನ್ ಮಾಡು.

ಜಯನಗರ_4ನೇ_ಬ್ಲಾಕ್ | ಏಪ್ರಿಲ್ 27

ಸರಿ ಸರ್. ಮನೆಯವರನ್ನು ಒಪ್ಪಿಸಿದ್ದೇನೆ. ರಾಶಿ ಮುಟ್ಟುವುದಿಲ್ಲ.

ಪಶುವೈದ್ಯೆ_ಮೆಲ್ಬೋರ್ನ್ | ಏಪ್ರಿಲ್ 28

ನಾನು ಹಾವು, ಹಲ್ಲಿ, ಆಮೆಗಳನ್ನು ನೋಡುವ ಡಾಕ್ಟರ್. ಈ ಚರ್ಚೆ ಓದಿ ಖುಷಿಯಾಯಿತು. ಯಾಕೆಂದರೆ ಜಾಗ ಸಿಗದ ಹಾವು ಕೊನೆಗೆ ಬರುವುದು ನನ್ನ ಮೇಜಿಗೇ.

ಇಷ್ಟವಾದ ಜಾಗ ಸಿಗದಿದ್ದರೆ ಹಾವು ಮೊಟ್ಟೆಯನ್ನು ಒಳಗೇ ಹಿಡಿದುಕೊಳ್ಳುತ್ತದೆ. ಹಿಡಿದಷ್ಟೂ ಮೊಟ್ಟೆ ಒಳಗೆ ಅಂಟಿಕೊಳ್ಳುತ್ತದೆ, ಹಾವು ಸುಸ್ತಾಗುತ್ತದೆ. ಇದೊಂದೇ ಕಾರಣ ಅಂತಲ್ಲ. ಬೊಜ್ಜು, ನೀರು ಸಾಲದಿರುವುದು, ತಣ್ಣಗಿನ ತೊಟ್ಟಿ, ಓಡಾಟ ಇಲ್ಲದೆ ಮಾಂಸಖಂಡ ಸೋತಿರುವುದು, ಇವೂ ಸೇರುತ್ತವೆ. ಆದರೆ ಮನೆಯಲ್ಲಿ ಕೂತು ಇವತ್ತೇ ಸರಿಮಾಡಬಹುದಾದದ್ದು ಜಾಗ ಒಂದೇ.

ಗಮನ ಇಟ್ಟು ನೋಡಿ. ಕೆಲವು ಮೊಟ್ಟೆ ಇಟ್ಟು ನಿಂತುಬಿಟ್ಟಿದ್ದಾಳೆ, ಹೊಟ್ಟೆಯ ಹಿಂಭಾಗದಲ್ಲಿ ಇನ್ನೂ ಗಂಟು ಕಾಣುತ್ತಿದೆ ಅಂದರೆ ಒಂದು ದಿನಕ್ಕಿಂತ ಜಾಸ್ತಿ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಮೊದಲ ಎರಡು ಮೂರು ದಿನ ಬಹಳ ಮುಖ್ಯ. ಆಗ ಇಂಜೆಕ್ಷನ್ನಿಗೆ ಬಗ್ಗುವ ಸಾಧ್ಯತೆ ಇರುತ್ತದೆ. ಹಲ್ಲಿ, ಆಮೆಗಳಿಗೆ ಕೆಲಸ ಮಾಡಿದಷ್ಟು ಹಾವಿಗೆ ಮಾಡುವುದಿಲ್ಲ, ಹಾಗಾಗಿ ತಡ ಮಾಡಿದಷ್ಟೂ ಕಷ್ಟ. ಆಮೇಲೆ ಸೂಜಿಯಿಂದ ಮೊಟ್ಟೆಯೊಳಗಿನದನ್ನು ಹೀರಿ ತೆಗೆಯಬೇಕು, ಇಲ್ಲವೇ ಆಪರೇಷನ್.

ಕೈಮುಗಿದು ಕೇಳುತ್ತೇನೆ, ಯಾರೂ ಹೊಟ್ಟೆ ನೀವಿ ಮೊಟ್ಟೆಯನ್ನು ಹೊರಗೆ ತಳ್ಳಬೇಡಿ. ಹೋದ ತಿಂಗಳು ಒಬ್ಬ ಹುಡುಗ ತನ್ನ ಹಾವನ್ನು ಟವೆಲಿನಲ್ಲಿ ಸುತ್ತಿ ತಂದ. ಪ್ರೀತಿಯಿಂದಲೇ ನೀವಿದ್ದಾನೆ. ಒಳಗೆ ಮೊಟ್ಟೆನಾಳ ಹರಿದಿತ್ತು. ಉಳಿಸಲು ಆಗಲಿಲ್ಲ. ಅವನ ತೊಟ್ಟಿಯಲ್ಲಿ ಹಾಸಿದ್ದು ಬರೀ ಪೇಪರ್.

ರಾಗಿಮುದ್ದೆ_ಓಹಾಯೋ | ಏಪ್ರಿಲ್ 28

ಡಾಕ್ಟ್ರೇ, ಓದಿ ಎದೆ ಧಸಕ್ ಅಂತು. ಹತ್ತಿರದಲ್ಲಿ ಹಾವು ನೋಡುವ ಡಾಕ್ಟರ್ ಯಾರು ಅಂತ ಈಗಲೇ ವಿಚಾರಿಸಿ ನಂಬರ್ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ.

ಕೆಂಪಿಯ ವಿಷಯ. 24ರ ರಾತ್ರಿಯೇ ಡಬ್ಬ ಇಟ್ಟೆ. ಮೊದಲ ರಾತ್ರಿ ಸುತ್ತ ಸುತ್ತಿ ನಾಲಿಗೆ ಆಡಿಸಿ ಬಿಟ್ಟಳು. ಎರಡನೇ ರಾತ್ರಿ ತಲೆ ಹಾಕಿ ತೆಗೆದಳು. ಮೂರನೇ ರಾತ್ರಿ ಒಳಗೆ ಹೋಗಿ ಬೆಳಗಿನ ತನಕ ಇದ್ದಳು. ನಿನ್ನೆಯಿಂದ ಮೂಲೆ ಉಜ್ಜುವುದು ಪೂರ್ತಿ ನಿಂತಿದೆ. ತೂತಿನಲ್ಲಿ ಮೂತಿ ಮಾತ್ರ ಕಾಣುತ್ತದೆ.

ರಾಗಿಮುದ್ದೆ_ಓಹಾಯೋ | ಮೇ 2

ಇಟ್ಟಳು! ಡಬ್ಬದೊಳಗೇ ಇಟ್ಟಳು!

ನಿನ್ನೆ ರಾತ್ರಿಯಿಂದ ಹೊರಗೆ ಬಂದಿರಲಿಲ್ಲ. ಇವತ್ತು ಬೆಳಗ್ಗೆ ಮುಚ್ಚಳ ಸ್ವಲ್ಪ ಎತ್ತಿ ಟಾರ್ಚ್ ಹಾಕಿದೆ. ಪಾಚಿ ನಡುವೆ ಬಟ್ಟಲಿನ ಹಾಗೆ ಗುಳಿ ಮಾಡಿಕೊಂಡಿದ್ದಾಳೆ. ಅದರೊಳಗೆ ಹಾಲಿನಷ್ಟು ಬೆಳ್ಳಗೆ 16 ಮೊಟ್ಟೆ, ಒಂದಕ್ಕೊಂದು ಅಂಟಿ ಒಂದೇ ಮುದ್ದೆ. ಮೈ ಹಿಂದೆ ಎರಡೂ ಕಡೆ ಚರ್ಮ ಜೋಲುಬಿದ್ದಿದೆ, ಗಂಟು ಇಲ್ಲ. ಒಂದನ್ನು ಬೆರಳ ತುದಿಯಿಂದ ಮುಟ್ಟಿದೆ. ತಾಟಿನುಂಗು ಮುಟ್ಟಿದ ಹಾಗೆ ಮೆತ್ತಗಿತ್ತು. ಈಗ ಮುಂದೆ?

ಕಾಡುಹಾದಿ | ಮೇ 2

ಅಕ್ಕ, ಓದಿ ನನಗೇ ಕಣ್ಣು ತುಂಬಿತು.

ಅವಳನ್ನು ನಿಧಾನಕ್ಕೆ ಎತ್ತಿ ನೀರು ಕೊಡಿ. ಕಾರ್ನ್ ಸ್ನೇಕ್ ಮೊಟ್ಟೆಯನ್ನು ಕಾಯುವುದಿಲ್ಲ, ಹಾಗಾಗಿ ಬೇರೆ ಮಾಡಿದರೆ ತೊಂದರೆ ಇಲ್ಲ. ಅಂಟಿದ ಮೊಟ್ಟೆಗಳನ್ನು ಬಿಡಿಸಬೇಡಿ, ಮುದ್ದೆ ಹೇಗಿದೆಯೋ ಹಾಗೇ ಎತ್ತಿ. ಮೊದಲು ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಚುಕ್ಕೆ ಹಾಕಿ. ಆ ಚುಕ್ಕೆ ಕೊನೆವರೆಗೂ ಮೇಲೇ ಇರಬೇಕು. ಕೋಳಿ ಮೊಟ್ಟೆ ತಿರುಗಿಸುತ್ತಾರೆ, ಹಾವಿನ ಮೊಟ್ಟೆ ತಿರುಗಿಸಿದರೆ ಒಳಗೆ ಮೇಲ್ಗಡೆ ಅಂಟಿರುವ ಭ್ರೂಣ ಸಾಯಬಹುದು.

ವರ್ಮಿಕ್ಯುಲೈಟ್ ಅಂತ ತೇವ ಹಿಡಿದಿಡುವ ಖನಿಜದ ಪುಡಿ ಸಿಗುತ್ತದೆ. ಅದು ಎಷ್ಟು ತೂಕವೋ ಅಷ್ಟೇ ತೂಕ ನೀರು ಕಲಸಿ, ಮುಚ್ಚಳದ ಡಬ್ಬದಲ್ಲಿ ಹಾಕಿ, ಮೊಟ್ಟೆ ಅರ್ಧ ಹುದುಗುವ ಹಾಗೆ ಇಡಿ. 28 ಡಿಗ್ರಿ. ಥರ್ಮೋಸ್ಟಾಟಿನ ಕಾವು ಅಳೆಯುವ ತುದಿ ಮೊಟ್ಟೆಯ ಪಕ್ಕದಲ್ಲೇ ಇರಲಿ. ವಾರಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿ ಆಡಿಸಿ. ಸುಮಾರು ಎರಡು ತಿಂಗಳು.

ಹೆಬ್ಬಾವು_ಪ್ರೇಮಿ | ಮೇ 3

ಎಲ್ಲ ಹಾವಿನ ಮೊಟ್ಟೆಯನ್ನೂ ತೆಗೆದೇ ಇಡಬೇಕಾ? ನನ್ನ ಬಾಲ್ ಪೈಥಾನ್ ತಾನೇ ಸುತ್ತಿಕೊಂಡು ಕೂರುತ್ತದೆ. ಬಿಡಿಸಲು ಮನಸ್ಸು ಬರುತ್ತಿಲ್ಲ.

ಮೃಗಾಲಯದ_ಹಳಬ | ಮೇ 3

ಹೆಬ್ಬಾವಿನ ಜಾತಿಯದ್ದು ಬೇರೆ ಲೆಕ್ಕ. ತಾಯಿ ಮೊಟ್ಟೆ ಸುತ್ತ ಸುರುಳಿ ಸುತ್ತುತ್ತದೆ, ಅದರಿಂದ ಮೊಟ್ಟೆಯ ನೀರು ಆರುವುದಿಲ್ಲ. ನಮ್ಮ ಹೆಬ್ಬಾವು ಮೈ ನಡುಗಿಸಿ ಮೊಟ್ಟೆಗೆ ಕಾವೂ ಕೊಡುತ್ತದೆ. ಬಾಲ್ ಪೈಥಾನ್ ಹಾಗೆ ಕಾವು ಕೊಡುವುದಿಲ್ಲ, ಸುತ್ತಿಕೊಳ್ಳುತ್ತದೆ ಅಷ್ಟೇ. ಅದಕ್ಕೆ ಬೇಕಾದ 31, 32 ಡಿಗ್ರಿ ಕಾವನ್ನು ನೀವೇ ಕೊಡಬೇಕು. ಅದು ಏರುಪೇರಾಗದ ಹಾಗೆ ನೋಡಿಕೊಳ್ಳಲು ಆಗುತ್ತದೆ ಅಂದರೆ ತಾಯಿಯ ಹತ್ತಿರವೇ ಬಿಡಿ. ಆಗದಿದ್ದರೆ ತೆಗೆಯಿರಿ. ತೆಗೆದ ಮೇಲೆ ತಾಯಿಯ ಮೈ ತೊಳೆದು ಹಾಸು ಬದಲಿಸಿ. ಮೊಟ್ಟೆಯ ವಾಸನೆ ಉಳಿದರೆ ಖಾಲಿ ಜಾಗವನ್ನೇ ಸುತ್ತಿಕೊಂಡು ಊಟ ಬಿಡುತ್ತದೆ.

ರಾಗಿಮುದ್ದೆ_ಓಹಾಯೋ | ಜುಲೈ 2

ಎಲ್ಲರೂ ಇದ್ದೀರಾ? 16ರಲ್ಲಿ ಎರಡು ಮೊದಲ ವಾರವೇ ಹಳದಿಯಾಗಿ ಕುಸಿದಿದ್ದವು. ಉಳಿದ 14ರಲ್ಲಿ ಇವತ್ತು ಬೆಳಗ್ಗೆ ಮೂರರ ಮೈ ಮೇಲೆ ಬ್ಲೇಡಿನಿಂದ ಗೀರಿದ ಹಾಗೆ ಸೀಳು ಕಾಣಿಸಿತು. ಹತ್ತು ಗಂಟೆಗೆ ಒಂದರ ಸೀಳಿನಲ್ಲಿ ಮೂತಿ ಹೊರಗೆ ಬಂತು. ಮೂತಿ ತುದಿಯಲ್ಲಿ ಒಂದು ಗುಳ್ಳೆ, ಉಸಿರಾಡಿದ ಹಾಗೆಲ್ಲ ಉಬ್ಬಿ ಇಳಿಯುತ್ತಿತ್ತು. ನನ್ನ ಮಗಳು ಡಬ್ಬದ ಮುಂದಿನಿಂದ ಏಳುತ್ತಲೇ ಇಲ್ಲ. ಕೈ ಹಾಕಿ ಎಳೆಯಲಾ ಅಂತ ಕೇಳುತ್ತಿದ್ದಾಳೆ.

ಕಾಡುಹಾದಿ | ಜುಲೈ 2

ಬೇಡ ಅಂತ ಮಗಳಿಗೆ ಹೇಳಿ. ಸೀಳಿದ ಮೇಲೂ ಒಂದು ದಿನ, ಕೆಲವು ಸಲ ಎರಡು ದಿನ ಒಳಗೇ ಕೂತು ಉಳಿದ ಹಳದಿ ಭಂಡಾರವನ್ನು ಹೀರಿಕೊಳ್ಳುತ್ತವೆ. ಅವೇ ಬರುತ್ತವೆ. ಮರಿಗಳಿಗೆ ಮನೆ ಹುಡುಕಿದ್ದೀರಾ?

ರಾಗಿಮುದ್ದೆ_ಓಹಾಯೋ | ಜುಲೈ 4

ಹದಿನಾಲ್ಕೂ ಹೊರಗೆ ಬಂದವು. ಹನ್ನೊಂದಕ್ಕೆ ಮನೆ ಸಿಕ್ಕಿದೆ, ಎಲ್ಲರೂ ಹಾವು ಸಾಕಿ ಗೊತ್ತಿರುವವರೇ. ಮೂರು ನಮ್ಮಲ್ಲೇ ಇರುತ್ತವೆ.

ಕೆಂಪಿ ಚೆನ್ನಾಗಿ ತಿನ್ನುತ್ತಿದ್ದಾಳೆ. ಮೊಟ್ಟೆ ಡಬ್ಬವನ್ನು ತೊಳೆದು ಎತ್ತಿಡೋಣ ಅಂತ ತೊಟ್ಟಿಯಿಂದ ತೆಗೆದೆ. ಆ ಜಾಗಕ್ಕೆ ಬಂದು ಸ್ವಲ್ಪ ಹೊತ್ತು ನಾಲಿಗೆ ಆಡಿಸಿದಳು. ಹಾಗಾಗಿ ಹೊಸ ಪಾಚಿ ಹಾಕಿ ಅಲ್ಲೇ ವಾಪಸ್ ಇಟ್ಟಿದ್ದೇನೆ. ಈಗ ಅದರೊಳಗೇ ಮಲಗಿದ್ದಾಳೆ.